ನನ್ನ ಕುರ್ಚಿಯಲ್ಲಿ ನಿದ್ದೆ ಹೋದವರು

ಖಾದರ್ ಭಾಯ್, ನನಗೆ ಗೊತ್ತಿತ್ತು.

ಹೋದ ವರ್ಷ ನಿಮ್ಮ ಮುರಿದ ದವಡೆ ಹಲ್ಲು ನೋಡುವಾಗ ಹೊಳೆದದ್ದಲ್ಲ ಅದು. ಅದಕ್ಕೂ ಐದು ವರ್ಷ ಮೊದಲು, ನಿಮ್ಮ ಬಸ್ಸು ರಸ್ತೆ ಬಿಟ್ಟು ರಾಗಿ ಹೊಲಕ್ಕೆ ಇಳಿಯುವ ನಾಲ್ಕು ತಿಂಗಳು ಮುಂಚೆಯೇ, ನಿದ್ದೆ ಹತ್ತಿದರೆ ನಿಮ್ಮ ಉಸಿರು ನಿಂತು ನಿಂತು ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಕಣ್ಣಾರೆ ನೋಡಿದ್ದೆ. ಗಡಿಯಾರ ಇಟ್ಟುಕೊಂಡು ಎಣಿಸಿದ್ದೆ. ಬರೆದೂ ಇಟ್ಟಿದ್ದೆ. ನಿಮಗೆ ಮಾತ್ರ ಹೇಳಲಿಲ್ಲ.

ಈಗ ನೀವು ದೊಡ್ಡಬಳ್ಳಾಪುರದ ತುಂಬಾ ನನ್ನ ಹೆಸರು ಹೇಳಿಕೊಂಡು ಓಡಾಡುತ್ತಿದ್ದೀರಿ — ಹಲ್ಲು ನೋಡಿ ನಿದ್ದೆಯ ಕಾಯಿಲೆ ಕಂಡುಹಿಡಿದ ಡಾಕ್ಟರು ಎಂದು. ಹಬ್ಬಕ್ಕೆ ನಿಮ್ಮ ಮನೆಯವರು ಶಮೀಮಮ್ಮ ಕಳಿಸಿದ ಶೀರ್ ಕುರ್ಮಾ ಪಾಯಸದ ಡಬ್ಬಿ ತೊಳೆದು ಇನ್ನೂ ಇಲ್ಲೇ ಇಟ್ಟಿದ್ದೇನೆ, ವಾಪಸು ಕೊಡುವ ಮುಖವಿಲ್ಲದೆ. ಅದಕ್ಕೇ ಈ ಕಾಗದ.

ಮೊದಲಿನಿಂದ ಹೇಳುತ್ತೇನೆ. ನನಗೆ ಬಾಯಿ ನೋಡುವ ಚಟ. ಇದನ್ನು ಕಸುಬು ಎನ್ನುವುದಕ್ಕಿಂತ ಚಟ ಎನ್ನುವುದೇ ಸರಿ. ಮದುವೆ ಮನೆಯಲ್ಲಿ ಎದುರು ಪಂಕ್ತಿಯವರು ಹೋಳಿಗೆ ಕಚ್ಚಿದರೆ ನನ್ನ ಕಣ್ಣು ಹೋಳಿಗೆಯ ಮೇಲಲ್ಲ, ಅವರು ಯಾವ ಕಡೆಯಿಂದ ಅಗಿಯುತ್ತಾರೆ ಎಂಬುದರ ಮೇಲೆ. ‘ಥೂ, ಜನರ ಬಾಯಿ ನೋಡ್ತಾ ಕೂತಿರ್ತೀರಲ್ಲ, ಏನನ್ಕೋತಾರೆ’ ಎಂದು ನನ್ನ ಹೆಂಡತಿ ತಿವಿಯುವುದುಂಟು. ಬಾಯೊಳಗೆ ಏನೇನು ಬರೆದಿರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ. ಎಲೆ ಅಡಿಕೆ, ಬೀಡಿ, ಕೋಪ, ಹೊಟ್ಟೆಯ ಹುಳಿ, ರಾತ್ರಿಯೆಲ್ಲ ಹಲ್ಲು ಕಡಿಯುವ ಚಿಂತೆ — ಮನುಷ್ಯ ಮುಚ್ಚಿಟ್ಟದ್ದೆಲ್ಲ ಅಲ್ಲಿ ಇರುತ್ತದೆ.

ನಿಮ್ಮ ಬಾಯಿ ನನಗೆ ಮೊದಲ ದಿನದಿಂದಲೇ ಕುತೂಹಲ ಹುಟ್ಟಿಸಿತ್ತು. ನೀವಾಗ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದಕ್ಕೆ ಶಿಫ್ಟ್ ಬಸ್ಸು ಓಡಿಸುತ್ತಿದ್ದಿರಿ. ತೆಳ್ಳಗಿನ ಆಳು, ಚೊಕ್ಕ ಬಟ್ಟೆ, ಅಂಚು ಕತ್ತರಿಸಿದ ಗಡ್ಡ. ಆ ಗಡ್ಡದ ಹಿಂದೆ ಕೆಳದವಡೆ ಎಷ್ಟು ಚಿಕ್ಕದು, ಎಷ್ಟು ಹಿಂದಕ್ಕೆ ಕೂತಿದೆ ಎಂಬುದು ನಿಮ್ಮನ್ನು ದಿನಾ ನೋಡುವವರಿಗೂ ತಿಳಿಯುವಂತಿರಲಿಲ್ಲ. ಬಹುಶಃ ಶಮೀಮಮ್ಮನಿಗೂ. ನನಗೆ ತಿಳಿಯಿತು. ಅಷ್ಟು ಚಿಕ್ಕ ದವಡೆಯೊಳಗೆ ಅಷ್ಟು ದೊಡ್ಡ ನಾಲಿಗೆ ಹೇಗೆ ಹಿಡಿಸುತ್ತದೆ ಎಂದು ಅಚ್ಚರಿಪಟ್ಟೆ. ನಾಲಿಗೆಯ ಎರಡೂ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿತ್ತು, ಕರ್ಜಿಕಾಯಿಯ ಅಂಚು ಮಡಚಿದ ಹಾಗೆ. ಆಗ ಅದು ಏನು ಹೇಳುತ್ತಿದೆ ಎಂದು ನನಗೆ ಓದಲು ಬರುತ್ತಿರಲಿಲ್ಲ. ಅಲ್ಲಿಯವರೆಗಿನದು ತಪ್ಪಲ್ಲ.

ಅವತ್ತು ಹಲ್ಲಿನ ಬೇರಿನ ಚಿಕಿತ್ಸೆಗೆ, ಅದೇ ರೂಟ್ ಕೆನಾಲಿಗೆ, ಸೂಜಿ ಕೊಟ್ಟು, ದವಡೆ ಜೋಮು ಹಿಡಿಯಲಿ ಎಂದು ಹತ್ತು ನಿಮಿಷ ಬಿಟ್ಟಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಸಹಾಯಕಿ ಸರಸ್ವತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

‘ಸಾರ್, ಇವ್ರು ಮಲಗೇಬಿಟ್ರು!’

ಹಲ್ಲಿನ ಕುರ್ಚಿಯಲ್ಲಿ ಜನ ದೇವರನ್ನು ನೆನೆಯುತ್ತಾರೆ, ಕುರ್ಚಿಯ ಕೈ ಬಿಗಿಹಿಡಿದು ಬೆವರುತ್ತಾರೆ. ನೀವು ಗೊರಕೆ ಹೊಡೆಯುತ್ತಿದ್ದಿರಿ. ಎಬ್ಬಿಸಿದಾಗ ನಾಚಿಕೊಂಡು ಒಂದು ಮಾತು ಹೇಳಿದಿರಿ, ಜ್ಞಾಪಕ ಇದೆಯೋ ಇಲ್ಲವೋ — ‘ಏನ್ ಕೈಗುಣ ಡಾಕ್ಟ್ರೇ ನಿಮ್ದು! ಸೂಜಿ ಚುಚ್ಚಿದ್ದೂ ಗೊತ್ತಾಗ್ಲಿಲ್ಲ, ಜೋಗುಳ ಹಾಡ್ದಂಗಿತ್ತು.’

ಕೈಗುಣ. ನಮ್ಮ ಕಡೆ ಡಾಕ್ಟರಿಗೆ ಓದಿನ ಸರ್ಟಿಫಿಕೇಟು ಗೋಡೆಯ ಮೇಲಿರುತ್ತದೆ, ಕೈಗುಣದ ಸರ್ಟಿಫಿಕೇಟು ಊರಿನವರ ಬಾಯಲ್ಲಿರುತ್ತದೆ. ದೊಡ್ಡಬೆಳವಂಗಲದ ಹತ್ತಿರದ ಹಳ್ಳಿಯಿಂದ ಬಂದು, ಗುರುತು ಪರಿಚಯವಿಲ್ಲದ ಬೀದಿಯಲ್ಲಿ ಬೋರ್ಡು ಹಾಕಿಕೊಂಡಿದ್ದ ನನಗೆ ಅದೇ ಬೇಕಾಗಿತ್ತು. ನೀವು ಅದನ್ನು ಬಸ್ಸಿನಲ್ಲಿ ಹೇಳಿದಿರಿ. ಒಂದು ಶಿಫ್ಟಿನ ಹೆಂಗಸರೆಲ್ಲ ಕೇಳಿದರು. ‘ನಿದ್ದೆ ಬರೋ ಹಂಗೆ ಹಲ್ಲು ಕೀಳ್ತಾರಂತೆ ನೀವೇನಾ ಸಾರ್?’ ಎಂದು ಕೇಳಿಕೊಂಡು ಬರಲು ಶುರುಮಾಡಿದರು. ಅವರಲ್ಲಿ ಗೌರಮ್ಮನೂ ಒಬ್ಬಳು, ನಮ್ಮ ಊರ ಕಡೆಯವಳು, ಹೊಲಿಗೆ ವಿಭಾಗದವಳು, ನಿಮ್ಮ ಸೀಟಿನ ಹಿಂದೆಯೇ ಕೂರುತ್ತಿದ್ದವಳು. ನನಗೋ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಬೆಂಗಳೂರಿನಲ್ಲಿ ಹಲ್ಲಿನ ವೈದ್ಯರಿಗೆಂದು ಒಂದು ದಿನದ ಪಾಠ ಏರ್ಪಾಡಾಗಿತ್ತು. ಊಟ ಚೆನ್ನಾಗಿರುತ್ತದೆ ಎಂದು ಹೋದೆ, ಸುಳ್ಳು ಯಾಕೆ. ಮಧ್ಯಾಹ್ನ ಒಬ್ಬ ಹೆಂಗಸು, ನಿದ್ದೆಯ ಕಾಯಿಲೆಗಳ ಡಾಕ್ಟರು, ಪರದೆಯ ಮೇಲೆ ಒಂದು ನಾಲಿಗೆಯ ಚಿತ್ರ ಹಾಕಿದರು. ಅಂಚಿನಲ್ಲಿ ಹಲ್ಲಿನ ಅಚ್ಚು. ಆಮೇಲೆ ಸವೆದ ಹಲ್ಲುಗಳು. ಆಮೇಲೆ ಹಿಂದಕ್ಕೆ ಸರಿದ ಕೆಳದವಡೆ. ಕಿರಿದಾದ ಗಂಟಲು, ಒಣಗಿದ ಬಾಯಿ. ನಾನು ನೆಟ್ಟಗೆ ಕೂತೆ. ಒಂದೊಂದು ಚಿತ್ರಕ್ಕೂ ಮನಸ್ಸಿನಲ್ಲೇ ಹೇಳುತ್ತಿದ್ದೆ — ಇದು ಖಾದರ್ ಭಾಯ್, ಇದೂ ಖಾದರ್ ಭಾಯ್, ಅರೆ, ಇದೂ ಖಾದರ್ ಭಾಯ್!

ಅವರು ಹೇಳಿದ್ದು ಇಷ್ಟು. ಸ್ಲೀಪ್ ಅಪ್ನಿಯಾ ಎಂಬುದೊಂದಿದೆ. ನಿದ್ದೆಯಲ್ಲಿ ನಾಲಿಗೆ, ಗಂಟಲಿನ ಮಾಂಸ ಸಡಿಲವಾಗಿ ಹಿಂದಕ್ಕೆ ಬಿದ್ದು ಗಾಳಿಯ ದಾರಿ ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಮಿದುಳು ಹೆದರಿ ಎಬ್ಬಿಸುತ್ತದೆ, ಅವನು ಏದುಸಿರು ಬಿಟ್ಟು ಮತ್ತೆ ಮಲಗುತ್ತಾನೆ. ರಾತ್ರಿಯಿಡೀ ಹೀಗೇ. ಮಲಗಿದವನಿಗೆ ಒಂದೂ ನೆನಪಿರುವುದಿಲ್ಲ, ಹಗಲು ತೂಕಡಿಕೆ ಯಾಕೆ ಎಂದು ಗೊತ್ತಾಗುವುದಿಲ್ಲ. ದಪ್ಪಗಿರುವವರಿಗೇ ಬರಬೇಕೆಂದಿಲ್ಲ, ದವಡೆ ಚಿಕ್ಕದಿದ್ದರೆ ತೆಳ್ಳಗಿನವರಿಗೂ ಬರುತ್ತದೆ. ಹಲ್ಲಿನ ಡಾಕ್ಟರು ಇದನ್ನು ಖಚಿತ ಮಾಡುವ ಹಾಗಿಲ್ಲ, ಅದಕ್ಕೆ ನಿದ್ದೆಯ ಪರೀಕ್ಷೆಯೇ ಆಗಬೇಕು. ಹಲ್ಲು ಸವೆದವರಿಗೆಲ್ಲ ಇದು ಇರುವುದೂ ಇಲ್ಲ. ಆದರೆ ಆರೋಗ್ಯವಾಗಿದ್ದೇನೆ ಅಂದುಕೊಂಡವರ ಬಾಯೊಳಗೆ ಇಣುಕುವವರು ನಾವು. ‘ಅನುಮಾನ ಬಂದರೆ ಒಂದು ಮಾತು ಹೇಳಿ ಕಳಿಸಿ. ಒಂದೇ ಮಾತು’ ಎಂದರು. ಕೊನೆಗೆ, ವಾಹನ ಓಡಿಸುವವರಾದರೆ ನಾಳೆ ಎನ್ನಬೇಡಿ ಎಂದೂ ಹೇಳಿದರು. ಇದನ್ನೂ ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಮುಂದಿನ ವಾರ ಆ ಹಲ್ಲಿಗೆ ಟೋಪಿ, ಅಂದರೆ ಕ್ಯಾಪ್, ಕೂರಿಸಲು ನೀವು ಬಂದಿರಿ. ನಾನು ಕಾಯುತ್ತಿದ್ದೆ, ಖಾದರ್ ಭಾಯ್. ರೋಗಿಗೆ ಕಾಯುವ ಹಾಗಲ್ಲ — ಹೇಗೆ ಹೇಳಲಿ — ಹೊಸ ದುರ್ಬೀನು ಸಿಕ್ಕ ಹುಡುಗ ಕತ್ತಲಾಗುವುದನ್ನು ಕಾಯುವ ಹಾಗೆ. ಬೇಕೆಂದೇ ಕುರ್ಚಿ ಪೂರ್ತಿ ಹಿಂದಕ್ಕೆ ಒರಗಿಸಿದೆ. ಬೇಕೆಂದೇ ತಡಮಾಡಿದೆ. ನೀವು ನಿದ್ದೆ ಹೋದಿರಿ. ಗೊರಕೆ ಏರಿತು, ಏರಿತು, ಥಟ್ಟನೆ ನಿಂತಿತು. ಎದೆ ಏಳುತ್ತಿದೆ, ಗಾಳಿ ಹೋಗುತ್ತಿಲ್ಲ. ನಾನು ಗೋಡೆ ಗಡಿಯಾರದ ಸೆಕೆಂಡು ಮುಳ್ಳು ನೋಡಿದೆ. ಹತ್ತು. ಹದಿನೈದು. ಇಪ್ಪತ್ತು. ಇಪ್ಪತ್ತೆರಡಕ್ಕೆ ನೀವು ಬಾವಿಯಲ್ಲಿ ಮುಳುಗಿ ಮೇಲೆ ಬಂದವರಂತೆ ಉಸಿರೆಳೆದುಕೊಂಡಿರಿ. ಕಣ್ಣು ಬಿಡಲಿಲ್ಲ.

ಅಲ್ಲಿಗೇ ಎಬ್ಬಿಸಬೇಕಿತ್ತು. ನಾನು ಇನ್ನೊಂದು ಸಲ ಆಗುತ್ತದಾ ನೋಡೋಣ ಎಂದುಕೊಂಡೆ. ಆಯಿತು. ಮತ್ತೊಂದು ಸಲ — ಅದೂ ಆಯಿತು. ಮೂರು ಸಲ ನಿಮ್ಮ ಉಸಿರು ನಿಂತದ್ದನ್ನು ನಾನು ಎಣಿಸುತ್ತಾ ನಿಂತಿದ್ದೆ. ಆ ಹೊತ್ತು ನನಗೆ ಏನು ಅನ್ನಿಸಿತು ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಭಯವಾಯಿತಾ? ಇಲ್ಲ. ಖುಷಿಯಾಯಿತು. ಪಾಠದಲ್ಲಿ ಹೇಳಿದ್ದು ಕಣ್ಣೆದುರಿಗೇ ನಡೆಯುತ್ತಿದೆಯಲ್ಲ ಎಂಬ ಖುಷಿ. ಕುರ್ಚಿಯಲ್ಲಿ ಮಲಗಿದ್ದು ಮನುಷ್ಯ ಎಂಬುದು ಆ ಕ್ಷಣ ನನ್ನ ಲೆಕ್ಕದಲ್ಲೇ ಇರಲಿಲ್ಲ.

ನಿಮ್ಮ ಕಾರ್ಡು ತೆಗೆದು ಬರೆದೆ: ‘ನಾಲಿಗೆ ಅಂಚಿನಲ್ಲಿ ಹಲ್ಲಿನ ಗುರುತು. ಕೆಳದವಡೆ ಹಿಂದೆ. ಹಲ್ಲು ಸವೆತ. ಕುರ್ಚಿಯಲ್ಲಿ ನಿದ್ದೆ. ಉಸಿರು ನಿಂತದ್ದು ಮೂರು ಸಲ. ನಿದ್ದೆ ಪರೀಕ್ಷೆಗೆ ಕಳಿಸಬೇಕು.’ ಕೆಳಗೆ ತಾರೀಕು, ಸಹಿ. ಆಮೇಲೆ ನಿಮ್ಮನ್ನು ಎಬ್ಬಿಸಿದೆ. ಟೋಪಿ ಕೂರಿಸಿದೆ. ನೀವು ಬಾಯಿ ಮುಕ್ಕಳಿಸಿ, ಗಡ್ಡ ಒರೆಸಿಕೊಂಡು, ಹೋಗುವ ಮುಂಚೆ ಕೇಳಿದಿರಿ.

‘ಎಲ್ಲಾ ಸರಿ ಇದೆಯಾ ಡಾಕ್ಟ್ರೇ?’

‘ಎಲ್ಲಾ ಸರಿ ಇದೆ.’

ಯಾಕೆ ಹಾಗೆಂದೆ? ಮುಂದಿನ ಸಲ ಹೇಳೋಣ ಎಂದುಕೊಂಡಿದ್ದೆ, ಅದು ನಿಜ. ಹಲ್ಲು ಕೀಳುವವನಿಗೆ ನಿದ್ದೆಯ ಉಸಾಬರಿ ಯಾಕೆ ಎಂದು ಜನ ಆಡಿಕೊಂಡರೆ ಎಂಬ ಅಳುಕೂ ನಿಜ. ಆದರೆ ಇವೆಲ್ಲ ಮೇಲುಮೇಲಿನವು. ಅಡಿಯಲ್ಲಿ ಇದ್ದದ್ದು ಬೇರೆ. ಅದು ಕಾಯಿಲೆಯಾದರೆ ನನ್ನ ಕೈಗುಣ ಅಲ್ಲವಲ್ಲ! ನಿಮ್ಮ ನಿದ್ದೆ ನನ್ನ ಕೈಯಿಂದ ಬಂದದ್ದು ಎಂದು ಒಂದು ಬಸ್ಸಿನ ತುಂಬ ಜನ ನಂಬಿದ್ದರು, ಅವರ ಮನೆಯವರು ನಂಬಿದ್ದರು, ನಾನೂ ನಂಬಿದ್ದೆ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಇಷ್ಟು ಸಣ್ಣ ವಿಷಯ. ಇಷ್ಟು ಅಲ್ಪ. ಬರೆಯಲು ಆರು ವರ್ಷ ಬೇಕಾಯಿತು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಮೊದಲ ಶಿಫ್ಟಿನವರನ್ನು ಬಿಡಲು ಹೊರಟಿದ್ದ ನಿಮ್ಮ ಬಸ್ಸು ಹಾಡಹಗಲು, ನೆಟ್ಟನೆಯ ರಸ್ತೆಯಲ್ಲಿ, ಹುಣಸೆಮರವೊಂದನ್ನು ಸವರಿಕೊಂಡು ಹೊಲಕ್ಕೆ ಇಳಿಯಿತು. ಯಾರ ಪ್ರಾಣವೂ ಹೋಗಲಿಲ್ಲ. ಗೌರಮ್ಮನ ಮುಂಗೈ ಮುರಿಯಿತು. ಬಸ್ಸಿನ ಮಾಲೀಕರು ಕೇಸಾಗದಂತೆ ಅಲ್ಲಲ್ಲೇ ಮುಗಿಸಿದರು — ಕೇಸಾಗಿದ್ದರೆ ಪೊಲೀಸರು ಊದಿಸಿ ನೋಡುತ್ತಿದ್ದರು, ನಿಮ್ಮ ಬಾಯಿ ಚೊಕ್ಕ ಎಂದು ಯಂತ್ರವೇ ಹೇಳುತ್ತಿತ್ತು. ಅದೂ ಆಗಲಿಲ್ಲ. ಕೆಂಪಗಿನ ಕಣ್ಣು, ತೊದಲು ಮಾತು, ಏನಾಯಿತೆಂದು ಹೇಳಲಾಗದ ಮುಖ. ಕುಡಿದಿದ್ದ ಎಂದರು. ಒಂದು ತೊಟ್ಟು ಮುಟ್ಟದ ನಿಮ್ಮನ್ನು.

ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದ ಮೂಲೆ ಹೋಟೆಲಿನಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ. ಅಲ್ಲಿ ಅದೇ ಮಾತು. ಯಾರೋ ನಂಬುತ್ತಿದ್ದರು, ಯಾರೋ ‘ಛೇ, ನಮ್ಮ ಖಾದರ್ ಅಂಥೋನಲ್ಲ ಕಣ್ರೋ’ ಎನ್ನುತ್ತಿದ್ದರು. ಆಗ ಗಲ್ಲಾದಲ್ಲಿ ಕೂತಿದ್ದ ಹೋಟೆಲಿನವರು ನನ್ನ ಕಡೆ ತಿರುಗಿದರು.

‘ಡಾಕ್ಟ್ರೇ, ನಿಮ್ಮ ಪೇಷಂಟ್ ಅಲ್ವಾ ಅವ್ನು? ಬಾಯಿ ಹತ್ರ ಮೂಗಿಟ್ಟು ಕೆಲ್ಸ ಮಾಡೋರು ನೀವು. ಯಾವತ್ತಾದ್ರೂ ವಾಸನೆ ಬಂದಿತ್ತಾ?’

ಇಡೀ ಊರಿನಲ್ಲಿ ಆ ಪ್ರಶ್ನೆಗೆ ಜನ ನಂಬುವಂಥ ಸಾಕ್ಷಿ ಹೇಳಬಲ್ಲವನು ನಾನೊಬ್ಬನೇ. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು — ಹಾಗಾದರೆ ಯಾಕೆ ಹೀಗಾಯಿತು? ಆ ಪ್ರಶ್ನೆಗೆ ಉತ್ತರ ನನ್ನ ಕಪಾಟಿನಲ್ಲಿ, ನನ್ನದೇ ಸಹಿಯ ಸಮೇತ ಇತ್ತು. ನಾನು ಲೋಟ ಕೆಳಗಿಟ್ಟು, ದೊಡ್ಡ ಮನುಷ್ಯನ ಹಾಗೆ ಗಂಭೀರವಾಗಿ ಹೇಳಿದೆ —

‘ಪೇಷಂಟ್ ವಿಷ್ಯ ಹೊರಗೆ ಹೇಳಬಾರ್ದಪ್ಪಾ.’

ಎಂಥಾ ಮಾತು ನೋಡಿ! ಕೇಳಲು ಎಷ್ಟು ಸಭ್ಯ. ಆಮೇಲೆ ಬೆಂಚಿನ ಕೊನೆಯಿಂದ ಯಾರೋ ಅಂದರು — ‘ನೋಡ್ರಪ್ಪಾ, ಬೆಂಕಿ ಇಲ್ದೆ ಹೊಗೆ ಆಡುತ್ತಾ. ಡಾಕ್ಟ್ರೇ ಹೇಳ್ದಂಗಾಯ್ತು.’ ಅಲ್ಲಿಯವರೆಗೆ ನಿಮ್ಮ ಪರವಾಗಿ ಮಾತಾಡುತ್ತಿದ್ದವರೂ ತಲೆ ತಗ್ಗಿಸಿದರು. ನಾನು ಅಲ್ಲ ಎನ್ನಲಿಲ್ಲ. ಕಾಫಿ ಮುಗಿಸಿ ಕ್ಲಿನಿಕ್ಕಿನ ಬಾಗಿಲು ತೆಗೆಯಲು ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತಿನಿಂದ ಒಬ್ಬರ ಮಾನ ಹೋಗುವುದನ್ನು ನಾನು ಅವತ್ತು ನೋಡಿದೆ.

ಆಮೇಲಿನದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾರೂ ಸ್ಟೀರಿಂಗ್ ಕೊಡಲಿಲ್ಲ. ದೇವನಹಳ್ಳಿಯ ಕಡೆ ಯಾವುದೋ ಲೇಔಟಿನ ಗೇಟಿಗೆ ಕಾವಲು ಸೇರಿದಿರಿ ಎಂದು ಕೇಳಿದೆ. ಅಲ್ಲೂ ತೂಕಡಿಸಿ ಬೈಸಿಕೊಂಡಿರಿ ಎಂದು ಕೇಳಿದೆ. ನಮಾಜಿಗೆ ನಿಂತರೆ ಪಕ್ಕದವರು ಮೂಗು ಅರಳಿಸಿ ನೋಡುತ್ತಾರೆ ಎಂದು ನೀವೇ ಆಮೇಲೆ ಹೇಳಿದಿರಿ. ಕಟ್ಟು ಹಾಕಿದ ಕೈ ಇಟ್ಟುಕೊಂಡೇ ಗೌರಮ್ಮ ಕಂಡಕಂಡವರಿಗೆ ಹೇಳಿದಳಂತೆ, ‘ಅವ್ರ ಹಿಂದುಗಡೆ ಸೀಟಲ್ಲೇ ಕೂತ್ಕೊಳೋಳು ನಾನು, ಒಂದಿನ ವಾಸನೆ ಬಂದಿಲ್ಲ’ ಎಂದು. ಕೈ ಮುರಿದುಕೊಂಡವಳು ನಿಮ್ಮ ಪರ ನಿಂತಳು. ಕೈಗುಣದವನು ನಿಲ್ಲಲಿಲ್ಲ.

ಹೋದ ವರ್ಷ ನೀವು ಮತ್ತೆ ಬಂದಿರಿ. ಕಡಿದು ಕಡಿದು ದವಡೆ ಹಲ್ಲಿನ ಒಂದು ಮೂಲೆ ಸೀಳಿಹೋಗಿತ್ತು. ಗಡ್ಡ ಬೆಳ್ಳಗಾಗಿತ್ತು. ಕುರ್ಚಿಯಲ್ಲಿ ಕೂರುತ್ತಲೇ ನಕ್ಕು, ‘ಇವತ್ತು ನಿದ್ದೆ ಮಾಡಲ್ಲ ಡಾಕ್ಟ್ರೇ, ಅಲ್ಲಾ ಕಸಮ್. ಜನ ಮೊದ್ಲೇ ಏನೇನೋ ಅಂತಾರೆ’ ಎಂದಿರಿ. ಸೂಜಿ ಕೊಟ್ಟು ಪಕ್ಕದಲ್ಲೇ ನಿಂತಿದ್ದೆ. ನೀವು ಎಚ್ಚರವಾಗಿರಲು ತೊಡೆಯನ್ನು ಚಿವುಟಿಕೊಳ್ಳುತ್ತಿದ್ದಿರಿ. ಪ್ಯಾಂಟಿನ ಮೇಲಿಂದ, ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಚಿವುಟಿಕೊಳ್ಳುತ್ತಲೇ ಕೈ ಸಡಿಲವಾಯಿತು. ನಿದ್ದೆ ಹೋದಿರಿ.

ಈ ಸಲ ನಾನು ಎಣಿಸಲಿಲ್ಲ. ಭುಜ ಅಲುಗಾಡಿಸಿ ಎಬ್ಬಿಸಿದೆ, ಎಲ್ಲ ಹೇಳಿದೆ, ಪರೀಕ್ಷೆಗೆ ಚೀಟಿ ಬರೆದೆ. ನೀವು ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡಿರಿ. ಆಮೇಲೆ ಕೇಳಿದಿರಿ —

‘ಇದು ಯಾವಾಗಿಂದ ಇರಬಹುದು ಡಾಕ್ಟ್ರೇ? ಬಸ್ಸಿನ ಟೈಮಲ್ಲೂ ಇತ್ತಾ?’

ಇಷ್ಟು ಹತ್ತಿರ ಬಂದಿರಿ. ಕಪಾಟು ಕೈಗೆಟಕುವ ದೂರದಲ್ಲಿತ್ತು. ನಾನು ಹೇಳಿದ್ದು: ‘ಇದ್ದಿರಬಹುದು. ಹೆಂಗೆ ಹೇಳೋದು. ನಾನೂ ಇವತ್ತೇ ನೋಡಿದ್ದು.’

ಪರೀಕ್ಷೆಯಾಯಿತು. ನಿದ್ದೆಯಲ್ಲಿ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರ ಬಂತು. ಮೂಗಿಗೆ ಮಾಸ್ಕ್ ಹಾಕಿಕೊಂಡರೆ ಆನೆಯ ಹಾಗೆ ಕಾಣ್ತಾರೆ ಎಂದು ಶಮೀಮಮ್ಮ ನಗುತ್ತಾ ಹೇಳಿದರು, ಹೇಳಿ ಕಣ್ಣೊರೆಸಿಕೊಂಡರು — ‘ಇಷ್ಟು ವರ್ಷ ಆದ್ಮೇಲೆ ಒಂದು ಹಗಲು ಪೂರ್ತಿ ಎಚ್ಚರ ಇದಾರೆ ಸಾರ್. ನಿಮ್ಮ ಕೈಗುಣ ದೊಡ್ಡದು.’ ಮತ್ತೆ ಅದೇ ಮಾತು. ಮೂಲೆ ಹೋಟೆಲಿನಲ್ಲಿ ನೀವು ಎಲ್ಲರೆದುರು ನಿಂತು ಹೇಳಿದಿರಂತೆ, ಕುಡಿತ ಅಲ್ಲ, ಕಾಯಿಲೆ, ನಮ್ಮ ಡಾಕ್ಟ್ರು ಕಂಡುಹಿಡಿದ್ರು ಎಂದು. ಜನ ನನಗೆ ಕೈ ಮುಗಿಯುತ್ತಾರೆ. ಅವತ್ತು ಹೊಗೆಯ ಮಾತಾಡಿದವರೂ.

ಅದನ್ನೂ ಅರಗಿಸಿಕೊಂಡುಬಿಡುತ್ತಿದ್ದೆನೋ ಏನೋ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಹೋದ ವಾರ ಗೌರಮ್ಮ ಬಂದಿದ್ದಳು. ಆ ಮುಂಗೈ ಈಗಲೂ ಪೂರ್ತಿ ತಿರುಗುವುದಿಲ್ಲ. ಕುರ್ಚಿಯಲ್ಲಿ ಕೂತು, ಮಗು ಕೇಳುವ ಹಾಗೆ ಕೇಳಿದಳು.

‘ಸಾರ್, ಆವಾಗ್ಲೂ ಅವ್ರು ನಿಮ್ಮ ಹತ್ರಾನೇ ಬರ್ತಿದ್ರಲ್ಲ, ಇಲ್ಲೇ ಮಲಗ್ತಿದ್ರಲ್ಲ. ಆವಾಗ ಕಾಣ್ಲಿಲ್ವಾ ಇದು?’

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ತಿಳಿಯುವ ಆಸೆ ಇತ್ತು, ಅಷ್ಟೇ. ನನ್ನಲ್ಲೂ ಒಂದು ಕಾಲಕ್ಕೆ ಇದ್ದದ್ದು ಅದೇ, ಅದನ್ನು ಎಷ್ಟು ಕೆಟ್ಟದಾಗಿ ಬಳಸಿದೆ! ನಾನು ಕನ್ನಡಿ ಕೈಗೆತ್ತಿಕೊಂಡು, ‘ಬಾಯಿ ತೆಗೀಮ್ಮ’ ಎಂದೆ. ಬಾಯಿ ತೆರೆದವರು ಪ್ರಶ್ನೆ ಕೇಳುವ ಹಾಗಿಲ್ಲ. ಈ ಉಪಾಯ ನಮ್ಮ ಕಸುಬಿನವರಿಗೆ ಮಾತ್ರ ಸಿಗುವಂಥದ್ದು. ಅವಳು ತೆರೆದ ಬಾಯಲ್ಲೇ ನನ್ನನ್ನು ನೋಡುತ್ತಿದ್ದಳು. ಕನ್ನಡಿ ಅವಳ ಹಲ್ಲಿಗೆ ತಾಗಿತು. ಸಂಜೆ ಕಪಾಟು ತೆಗೆದೆ.

ಕಾರ್ಡು ಹಾಗೇ ಇದೆ. ಅಂಚು ಹಳದಿಯಾಗಿದೆ, ಶಾಯಿ ಮಾಸಿಲ್ಲ. ಈ ಆರು ವರ್ಷದಲ್ಲಿ ಅದನ್ನು ಹರಿದು ಹಾಕಲು ಎಷ್ಟೋ ಸಲ ಅವಕಾಶವಿತ್ತು. ಯಾಕೆ ಹರಿಯಲಿಲ್ಲ — ಒಳ್ಳೆಯತನದಿಂದ ಎಂದು ಬರೆಯಲು ಆಸೆಯಾಗುತ್ತಿದೆ, ಆದರೆ ನನಗೆ ಗೊತ್ತಿಲ್ಲ. ಈಗ ಯಾರು ಕುರ್ಚಿಯಲ್ಲಿ ಕೂತರೂ ಗೊರಕೆ ಉಂಟಾ, ಹಗಲು ತೂಕಡಿಸುತ್ತೀರಾ, ಬೆಳಿಗ್ಗೆ ಎದ್ದರೆ ತಲೆನೋವಾ ಎಂದು ಕೇಳುತ್ತೇನೆ, ಅನುಮಾನ ಬಂದವರನ್ನು ಕಳಿಸುತ್ತೇನೆ. ಇದನ್ನು ಪ್ರಾಯಶ್ಚಿತ್ತ ಎನ್ನಬೇಡಿ. ಇದು ನನ್ನ ಕೆಲಸ, ಆರು ವರ್ಷ ಮೊದಲೂ ಇದೇ ನನ್ನ ಕೆಲಸವಾಗಿತ್ತು.

ಕಾರ್ಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನಿಮ್ಮದು. ಮಾಲೀಕರಿಗೆ ತೋರಿಸುತ್ತೀರೋ, ಮಸೀದಿಯವರಿಗೆ ತೋರಿಸುತ್ತೀರೋ, ನನ್ನ ಮೇಲೆ ದೂರು ಕೊಡುತ್ತೀರೋ, ತಾರೀಕು ಸಹಿ ಎರಡೂ ಇವೆ, ನನ್ನದಲ್ಲ ಎಂದು ನಾನು ಹೇಳುವ ಹಾಗಿಲ್ಲ. ಎರಡನ್ನೂ ಡಬ್ಬಿಯ ಜೊತೆ ನಾನೇ ನಿಮ್ಮ ಮನೆಗೆ ತಂದು ನಿಮ್ಮ ಕೈಗೆ ಕೊಡುತ್ತೇನೆ. ಓದುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ. ಕ್ಷಮಿಸಿ ಎಂದು ಕೇಳಿ ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸುವುದಿಲ್ಲ.

ಗೌರಮ್ಮನಿಗೂ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ, ಜನ ತುಂಬಿರುವ ಹೊತ್ತಿಗೆ, ಮೂಲೆ ಹೋಟೆಲಿಗೆ ಹೋಗುತ್ತೇನೆ. ನೀವು ಬಂದರೂ ಸರಿ, ನನ್ನ ಮುಖ ನೋಡಲು ಮನಸ್ಸಿಲ್ಲದೆ ಬರದಿದ್ದರೂ ಸರಿ. ಆ ಹೋಟೆಲಿನವರು ಆರು ವರ್ಷದ ಹಿಂದೆ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಉತ್ತರ ಹೇಳಬೇಕು: ಇಲ್ಲ ಕಣಪ್ಪಾ, ಒಂದು ದಿನವೂ ವಾಸನೆ ಬಂದಿರ್ಲಿಲ್ಲ, ಅದು ಕಾಯಿಲೆ ಅಂತ ಅವತ್ತೇ ನನಗೆ ಗೊತ್ತಿತ್ತು.